ರೆಫರೆನ್ಸ್ ಲಿಸ್ಟ್ ಉದ್ದ ಇದ್ರೆ ಸಾಕಾ?

ಕಾಲೇಜ್ ಆರಿಸುವಾಗ ನಾವೆಲ್ಲ ಬ್ರೋಶರ್ ನೋಡ್ತೀವಿ, ಆದ್ರೆ ನಂಬೋದು ಅಲ್ಲಿ ಓದ್ತಿರೋ ಸೀನಿಯರ್ ಮಾತನ್ನ. ಕಂಪನಿಗಳೂ ಹಾಗೇ. ದೊಡ್ಡ ಮೊತ್ತದ ಸಾಫ್ಟ್‌ವೇರ್ ಕೊಳ್ಳುವ ಮೊದಲು "ಇದನ್ನ ಈಗಾಗಲೇ ಬಳಸ್ತಿರೋರ ಜೊತೆ ಮಾತಾಡಿಸಿ" ಅಂತ ಕೇಳ್ತವೆ. ಹಾಗೆ ಮಾತಾಡಲು ಒಪ್ಪಿದ ಹಳೇ ಗ್ರಾಹಕರನ್ನು ಹೊಸಬರ ಜೊತೆ ಸೇರಿಸುವ ವ್ಯವಸ್ಥೆಯೇ ಕಸ್ಟಮರ್ ರೆಫರೆನ್ಸ್ ಪ್ರೋಗ್ರಾಂ. ಅದು ಗೆದ್ದಿದೆಯಾ ಅಂತ ಅಳೆಯೋದು ಹೇಗೆ?

ಎಲ್ಲರಿಗೂ ಮೊದಲು ಹೊಳೆಯೋ ಅಳತೆ: ಲಿಸ್ಟ್‌ನಲ್ಲಿ ಎಷ್ಟು ಹೆಸರಿದೆ? ಒಂದು ಉದಾಹರಣೆ ಊಹಿಸಿಕೊಳ್ಳೋಣ. ಲಿಸ್ಟ್‌ನಲ್ಲಿ 40 ಗ್ರಾಹಕರು. ಮೂರು ತಿಂಗಳಲ್ಲಿ 36 ಕಾಲ್ ನಡೆದವು, ಅದರಲ್ಲಿ 30 ಕಾಲ್ ತಗೊಂಡಿದ್ದು ಅದೇ 6 ಜನ. ಅಂದ್ರೆ ಪ್ರೋಗ್ರಾಂ ನಿಂತಿರೋದು 40 ಜನರ ಮೇಲಲ್ಲ, 6 ಜನರ ಮೇಲೆ. ಅವರು ಬೇಸತ್ತು ಫೋನ್ ಎತ್ತೋದು ಬಿಟ್ರೆ ಕಂಪನಿಗೆ ತನ್ನ ಅತ್ಯುತ್ತಮ ಗ್ರಾಹಕರೇ ದೂರ ಆಗ್ತಾರೆ.

2003ರಲ್ಲಿ ಫ್ರೆಡ್ ರೈಕೆಲ್ಡ್ ಪರಿಚಯಿಸಿದ ನೆಟ್ ಪ್ರಮೋಟರ್ ಸ್ಕೋರ್ ಕೂಡ ಇಲ್ಲಿ ಅರ್ಧ ದಾರಿ ಮಾತ್ರ. "ಬೇರೆಯವರಿಗೆ ಶಿಫಾರಸು ಮಾಡ್ತೀರಾ?" ಅಂತ ಕೇಳಿ 0ರಿಂದ 10ರವರೆಗೆ ಅಂಕ ಪಡೆಯೋ ವಿಧಾನ ಅದು. 9 ಅಥವಾ 10 ಕೊಟ್ಟವರನ್ನು ರೆಫರೆನ್ಸ್ ಆಗಲು ಕೇಳಬಹುದು. ಆದ್ರೆ ಮಾಡ್ತೀನಿ ಅನ್ನೋದು ಬೇರೆ, ಮಾಡೋದು ಬೇರೆ.

ಹಾಗಾಗಿ ಮೂರು ಅಳತೆ ಇಟ್ಟುಕೊಳ್ಳೋಣ.

ಒಂದು, ಸಮಯ. ಸೇಲ್ಸ್ ಟೀಮ್ ಕೇಳಿದ ರೆಫರೆನ್ಸ್‌ಗಳಲ್ಲಿ ಎಷ್ಟು ಶೇಕಡ ಹೇಳಿದ ದಿನದೊಳಗೆ ಸಿಕ್ಕಿತು? ಡೀಲ್ ಮುಗಿದ ಮೇಲೆ ಸಿಕ್ಕ ರೆಫರೆನ್ಸ್ ಊಟಕ್ಕಿಲ್ಲದ ಉಪ್ಪಿನಕಾಯಿ.

ಎರಡು, ಹೊರೆ. ಒಬ್ಬ ಗ್ರಾಹಕನಿಗೆ ಮೂರು ತಿಂಗಳಲ್ಲಿ ಎಷ್ಟು ಕಾಲ್? ಇದಕ್ಕೆ ಗುರಿ ಬೇಡ, ಮಿತಿ ಬೇಕು.

ಮೂರು, ಫಲ. ರೆಫರೆನ್ಸ್ ಬಳಸಿದ ಡೀಲ್‌ಗಳು ಹೆಚ್ಚು ಗೆದ್ದವಾ? ಇಲ್ಲೊಂದು ಮೋಸ ಇದೆ. ರೆಫರೆನ್ಸ್ ಕೇಳೋದು ಸಾಮಾನ್ಯವಾಗಿ ಕೊನೇ ಹಂತದಲ್ಲಿ. ಅಷ್ಟು ದೂರ ಬಂದ ಡೀಲ್ ಹೇಗೂ ಗೆಲ್ಲುವ ಸಾಧ್ಯತೆ ಹೆಚ್ಚು. ಆದ್ದರಿಂದ ಅದೇ ಹಂತ ತಲುಪಿದ, ಆದ್ರೆ ರೆಫರೆನ್ಸ್ ಬಳಸದ ಡೀಲ್‌ಗಳ ಜೊತೆಗೇ ಹೋಲಿಸಬೇಕು.

ಇನ್ನು ಗುರಿ. ಮೊದಲ ಮೂರು ತಿಂಗಳು ಗುರಿ ಇಡದೆ ಬರೀ ಅಳೆಯಿರಿ. ಸಮಯಕ್ಕೆ ಸಿಕ್ಕಿದ್ದು 60% ಅಂತ ಬಂದ್ರೆ ಮುಂದಿನ ಗುರಿ 70% ಇರಲಿ. ಏಕ್‌ದಂ 95% ಅಂದ್ರೆ ಟೀಮ್ ಮತ್ತೆ ಆ 6 ಜನರಿಗೇ ಫೋನ್ ಮಾಡುತ್ತೆ. ಅಳತೆಯೇ ಗುರಿಯಾದಾಗ ಅದು ಒಳ್ಳೇ ಅಳತೆಯಾಗಿ ಉಳಿಯಲ್ಲ ಅನ್ನೋ ಗುಡ್‌ಹಾರ್ಟ್ ನಿಯಮ ಇದೇ. ಅದಕ್ಕೇ ಸಮಯದ ಗುರಿ ಮತ್ತು ಹೊರೆಯ ಮಿತಿ ಯಾವಾಗ್ಲೂ ಜೋಡಿಯಾಗಿರಬೇಕು.

ನಾಳೆ ಇಂಟರ್ನ್‌ಶಿಪ್‌ನಲ್ಲಿ ಯಾರಾದ್ರೂ ಡ್ಯಾಶ್‌ಬೋರ್ಡ್ ಮಾಡಿ ಅಂದ್ರೆ, ಕೋಡ್ ಶುರು ಮಾಡೋ ಮೊದಲು ಕೇಳೋಣ: ಈ ನಂಬರ್ ಏರಿಸೋಕೆ ಹೋದ್ರೆ ಅದರ ಭಾರ ಯಾರ ಮೇಲೆ ಬೀಳುತ್ತೆ?