ಚೌಕ ಕೋಣೆಯ ಗುಂಯ್‌ಗುಡುವಿಕೆ

ಪ್ರಶ್ನೆ: ಬಾಡಿಗೆ ಮನೆಯ ಹತ್ತಡಿ ಚೌಕದ ಕೋಣೆಯಲ್ಲಿ ಹಾರ್ಮೋನಿಯಂ ನುಡಿಸುತ್ತ ಭಾವಗೀತೆ ರೆಕಾರ್ಡ್ ಮಾಡುತ್ತೇನೆ. ಎಲ್ಲ ಗುಂಯ್ ಎನ್ನುತ್ತದೆ. ಗೋಡೆಗೆ ಮೊಟ್ಟೆ ಟ್ರೇ ಅಂಟಿಸಲೇ?

ಉತ್ತರ: ಬೇಡಿ. ಅದು ತೀರಾ ಹಗುರ. ಮಂದ್ರದ ದನಿಯನ್ನು ಹೀರದು, ಬೀದಿಯ ಗದ್ದಲವನ್ನೂ ತಡೆಯದು. ನಿಮ್ಮ ಕೋಣೆಯ ಉದ್ದ ಅಗಲ ಒಂದೇ ಆದ್ದರಿಂದ ಸುಮಾರು 56 ಹರ್ಟ್ಸ್ ಮತ್ತು ಅದರ ಗುಣಕಗಳು ಎರಡೂ ದಿಕ್ಕಿನಲ್ಲಿ ಸೇರಿ ಉಬ್ಬುತ್ತವೆ. 4 ಇಂಚು ದಪ್ಪದ ರಾಕ್‌ವೂಲ್ ಹಲಗೆಗಳನ್ನು ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿ, ಮೂಲೆಗಳಿಗೆ ಅಡ್ಡಲಾಗಿ ನಿಲ್ಲಿಸಿ. ಮೊಳೆ ಹೊಡೆಯಬೇಕಿಲ್ಲ, ಮನೆ ಖಾಲಿ ಮಾಡುವಾಗ ಜೊತೆಗೇ ಒಯ್ಯಬಹುದು.

ಹಾಡುವಾಗ ಬಟ್ಟೆ ತುಂಬಿದ ಬೀರು ತೆರೆದು, ಅದಕ್ಕೆ ಬೆನ್ನು ಮಾಡಿ ಕೂರಿ. ಕಾರ್ಡಿಯಾಯ್ಡ್ ಮೈಕಿನ ಹಿಂಬದಿ ಕಿಟಕಿಯ ಕಡೆಗಿದ್ದರೆ ಹೊರಗಿನ ಸದ್ದು ಕಡಿಮೆ ಸಿಗುತ್ತದೆ. ಫ್ಯಾನ್ ಆರಿಸಿ, ಸೆಕೆಗೆ ಎರಡು ಟೇಕ್‌ಗಳ ನಡುವೆ ಬಿಡುವು ಕೊಡಿ.

ಮಿಕ್ಸಿಂಗ್ ಮಾಡುವಾಗ ಕೋಣೆಯ ನಟ್ಟನಡುವೆ ಕೂರಬೇಡಿ, ಅಲ್ಲಿ ಬೇಸ್ ಮೋಸ ಮಾಡುತ್ತದೆ. ಎದುರು ಗೋಡೆಯಿಂದ ಸುಮಾರು ಮೂರು ಮುಕ್ಕಾಲು ಅಡಿ ದೂರದಿಂದ ಆರಂಭಿಸಿ, ಕಿವಿಗೆ ಒಪ್ಪುವಷ್ಟು ಸರಿದುಕೊಳ್ಳಿ. ಎರಡು ಸ್ಪೀಕರ್ ಮತ್ತು ನಿಮ್ಮ ತಲೆ ಸಮಭುಜ ತ್ರಿಕೋನವಾಗಲಿ, ಟ್ವೀಟರ್ ಕಿವಿಯ ಮಟ್ಟಕ್ಕಿರಲಿ. ನೆಲದಲ್ಲಿ ಕೂರುವ ರೂಢಿಯಿದ್ದರೆ ಗಿಡ್ಡ ಮೇಜು ಮಾಡಿಸಿ, ಬೆನ್ನು ಉಳಿಯುತ್ತದೆ. ದುಡ್ಡು ಸಾಲದಿದ್ದರೆ ಹೊಸ ಮೈಕ್ ಕಾಯಲಿ, ಮೂಲೆಗಳು ಮೊದಲು.