ಹಳೆಯ ಡೀಸೆಲ್ ಪಂಪ್‌ಸೆಟ್ಟಿನ ಕಸುವು ಕುಂದಿದಾಗ



ವಿದ್ಯುತ್ ತಲುಪದ ಹೊಳೆದಂಡೆ, ಹಳ್ಳದ ಬದಿ ಮತ್ತು ದೂರದ ಬಾವಿಗಳಲ್ಲಿ 5 ಅಶ್ವಶಕ್ತಿಯ ಡೀಸೆಲ್ ಎಂಜಿನ್ ಬಹುಕಾಲದಿಂದ ನಮ್ಮ ಆಸರೆಯಾಗಿದೆ. ಹತ್ತಾರು ವರ್ಷ ದುಡಿದ ಇಂಥ ಎಂಜಿನ್ ಒಮ್ಮೆಲೇ ಕೈಕೊಡುವುದು ಅಪರೂಪ. ಅದು ದಿನದಿಂದ ದಿನಕ್ಕೆ ಸೊರಗುತ್ತದೆ. ಚಾಲೂ ಆಗುತ್ತದೆ, ಓಡುತ್ತದೆ, ಆದರೆ ಕಾಲುವೆಯಲ್ಲಿ ನೀರು ಇರುವುದಿಲ್ಲ.

ನಾನು ಬೇಸಾಯ ಶಾಸ್ತ್ರದವನು. ಎಂಜಿನ್ನಿನ ಬಗ್ಗೆ ಬರೆಯಲು ಕಾರಣ ಒಂದು ಶೇಂಗಾ ಹೊಲ. ಹಿಂದೊಂದು ಬೇಸಿಗೆಯಲ್ಲಿ ನಾನು ನೋಡಹೋದ ಆ ಹೊಲದ ರೈತರು, ಕಸುವಿಲ್ಲವೆಂದು ಎಂಜಿನ್ನನ್ನು ಪೇಟೆಗೆ ಒಯ್ದು ಪಿಸ್ಟನ್ ರಿಂಗು ಹೊಸದಾಗಿ ಹಾಕಿಸಿದ್ದರು. ಎಂಟು ದಿನ ಕಳೆದು ಎಂಜಿನ್ ಮರಳಿತು, ಕಸುವು ಮರಳಲಿಲ್ಲ. ಕೊನೆಗೆ ಸೈಲೆನ್ಸರ್ ಬಿಚ್ಚಿದಾಗ ಅದರೊಳಗೆ ಮಸಿ ಕಟ್ಟಿ ಬೆರಳು ತೂರದಷ್ಟು ಕಿರಿದಾಗಿತ್ತು. ಅಷ್ಟರಲ್ಲಿ ಹೂವು ಬಾಡಿ ಸೂಜಿಯಂಥ ಎಳೆಗಳು ನೆಲಕ್ಕಿಳಿಯುವ ಹೊತ್ತು. ಮೇಲ್ಮಣ್ಣು ಒಣಗಿ ಗಟ್ಟಿಯಾಗಿದ್ದರಿಂದ ಎಷ್ಟೋ ಎಳೆಗಳು ಒಳಹೋಗದೆ ಒಣಗಿದವು. ಇಳಿಯದ ಎಳೆ ಕಾಯಿ ಕಟ್ಟುವುದಿಲ್ಲ. ಆ ನಷ್ಟವನ್ನು ಮುಂದೆ ಎಷ್ಟು ನೀರು ಕೊಟ್ಟರೂ ತುಂಬಲಾಗದು.

ಆದ್ದರಿಂದ ನನ್ನ ಸಲಹೆ ಒಂದೇ: ಹೊರಗಿನಿಂದ ಒಳಗೆ, ಖರ್ಚಿಲ್ಲದ್ದರಿಂದ ಖರ್ಚಿನ ಕಡೆಗೆ ಪರೀಕ್ಷಿಸುತ್ತ ಹೋಗಿ. ಎಂಜಿನ್ ಬಿಚ್ಚುವುದು ಕೊನೆಯ ಕೆಲಸ.

ಮೊದಲು ನೀರನ್ನು ಅಳೆಯಿರಿ

200 ಲೀಟರಿನ ಡ್ರಮ್ಮನ್ನು ನೀರು ಬೀಳುವಲ್ಲಿಟ್ಟು, ತುಂಬಲು ಎಷ್ಟು ಸೆಕೆಂಡು ಬೇಕೆಂದು ನೋಡಿ. 25 ಸೆಕೆಂಡಿನಲ್ಲಿ ತುಂಬಿದರೆ ಸೆಕೆಂಡಿಗೆ 8 ಲೀಟರ್. 40 ಸೆಕೆಂಡು ಹಿಡಿದರೆ 5 ಲೀಟರ್ ಮಾತ್ರ. ಎಕರೆಗೆ 5 ಸೆಂಟಿಮೀಟರ್ ಆಳದ ನೀರೆಂದರೆ ಸುಮಾರು 2 ಲಕ್ಷ ಲೀಟರ್. ಮೊದಲನೆಯದಕ್ಕೆ 7 ಗಂಟೆ, ಎರಡನೆಯದಕ್ಕೆ 11 ಗಂಟೆ ಬೇಕು. ಪೂರ್ಣ ಭಾರದಲ್ಲಿ ಗಂಟೆಗೆ ಸುಮಾರು ಒಂದು ಲೀಟರ್ ಡೀಸೆಲ್ ಕುಡಿಯುವ ಎಂಜಿನ್ನಿಗೆ ಈ ವ್ಯತ್ಯಾಸ ಎಷ್ಟೆಂದು ನೀವೇ ಲೆಕ್ಕ ಹಾಕಿ. ಎಂಜಿನ್ ಚೆನ್ನಾಗಿರುವಾಗಲೇ ಅಳೆದು ಗೋಡೆಯ ಮೇಲೆ ಬರೆದಿಟ್ಟರೆ, ಮುಂದೆ ಹೋಲಿಸಲು ಆಧಾರ ಸಿಗುತ್ತದೆ.

ದೋಷ ಎಂಜಿನ್ನಿನದೋ, ಪಂಪಿನದೋ?

ಎಂಜಿನ್ನಿನ ಸದ್ದು ಎಂದಿನಂತಿದ್ದು, ಹೊಗೆ ತಿಳಿಯಾಗಿದ್ದು, ನೀರು ಮಾತ್ರ ಕಡಿಮೆಯಾದರೆ ಪಂಪಿನ ಕಡೆ ನೋಡಿ. ಬೇಸಿಗೆಯಲ್ಲಿ ಬಾವಿಯ ನೀರು ಕೆಳಗಿಳಿದಿದ್ದರೆ ನೀರು ಕಡಿಮೆಯಾಗುವುದು ಸಹಜ. ಫುಟ್‌ವಾಲ್ವಿನ ಜಾಲರಿಗೆ ಪಾಚಿ, ಎಲೆ ಅಂಟಿದೆಯೇ ನೋಡಿ. ಪಂಪು ನಿಲ್ಲಿಸಿ ನೀರು ತುಂಬಿದಾಗ ಅದು ಇಳಿದುಹೋದರೆ ಫುಟ್‌ವಾಲ್ವ್ ಅಥವಾ ಹೀರುಕೊಳವೆಯ ಕೂಡುಗಳಲ್ಲಿ ಸೋರಿಕೆಯಿದೆ. ನೀರಿನ ಜೊತೆ ಗುಳ್ಳೆ ಬರುತ್ತಿದ್ದರೆ ಪಂಪು ಗಾಳಿ ಹೀರುತ್ತಿದೆ. ಬೆಲ್ಟು ಬಿಸಿಯಾಗಿ ಹೊಳೆಯುತ್ತಿದ್ದರೆ ಜಾರುತ್ತಿದೆ ಎಂದರ್ಥ. ಗ್ಲ್ಯಾಂಡನ್ನು ಒಂದು ಹನಿಯೂ ಬೀಳದಂತೆ ಬಿಗಿದರೆ ಅದೇ ಕಸುವು ತಿನ್ನುತ್ತದೆ. ಅಲ್ಲಿ ಹನಿಹನಿಯಾಗಿ ನೀರು ತೊಟ್ಟಿಕ್ಕುತ್ತಿರಬೇಕು.

ಎಂಜಿನ್ನೇ ತಿಣುಕುತ್ತಿದ್ದರೆ, ವೇಗ ಇಳಿಯುತ್ತಿದ್ದರೆ, ಬೆಲ್ಟು ತೆಗೆದು ಪಂಪನ್ನು ಕೈಯಿಂದ ತಿರುಗಿಸಿ. ಸರಾಗವಾಗಿ ತಿರುಗಿದರೆ ದೋಷ ಎಂಜಿನ್ನಿನದು. ಎಂಜಿನ್ ಖಾಲಿಯಾಗಿ ಚೆನ್ನಾಗಿ ಓಡಿತೆಂದು ನೆಮ್ಮದಿಪಡಬೇಡಿ. ಅನೇಕ ದೋಷಗಳು ಭಾರ ಬಿದ್ದಾಗ ಮಾತ್ರ ಕಾಣುತ್ತವೆ.

ವೇಗದ ಮಾತು ಸಣ್ಣದಲ್ಲ. ನಿಮಿಷಕ್ಕೆ 1500 ಸುತ್ತು ತಿರುಗಬೇಕಾದ ಪಂಪು 1350 ಸುತ್ತಿಗೆ ಇಳಿದರೆ ಕೊರತೆ ಶೇಕಡಾ 10 ಮಾತ್ರ. ಆದರೆ ನೀರನ್ನು 20 ಮೀಟರ್ ಎತ್ತರಕ್ಕೆ ಏರಿಸುತ್ತಿದ್ದ ಪಂಪು ಆಗ ಸುಮಾರು 16 ಮೀಟರಿಗೇ ನಿಲ್ಲುತ್ತದೆ. ಎಂಜಿನ್ ಸ್ವಲ್ಪ ಸೋತರೂ ನೀರು ಬಹಳ ಸೋಲುವುದು ಇದರಿಂದಲೇ.

ಡೀಸೆಲ್ಲಿನ ದಾರಿ

ಚಾಲೂ ಆದಾಗ ಕಸುವಿದ್ದು ಅರ್ಧ ಗಂಟೆಯ ಮೇಲೆ ಕುಂದಿದರೆ ಟ್ಯಾಂಕಿನ ಮುಚ್ಚಳ ಸಡಿಲಿಸಿ ನೋಡಿ. ಎಂಜಿನ್ ಚೇತರಿಸಿಕೊಂಡರೆ ಮುಚ್ಚಳದ ಗಾಳಿರಂಧ್ರ ಮುಚ್ಚಿದೆ; ಒಂದು ಸೂಜಿ ಸಾಕು. ಆಮೇಲೆ ಫಿಲ್ಟರ್ ನೋಡಿ. ಕಾಗದದ ಫಿಲ್ಟರನ್ನು ತೊಳೆದು ಮತ್ತೆ ಹಾಕಬೇಡಿ, ಬದಲಿಸಿ. ಟ್ಯಾಂಕಿನ ತಳದ ನೀರು, ಕೆಸರು ಹೊರಬಿಡಿ. ಫಿಲ್ಟರ್ ಬಿಚ್ಚಿದ ಮೇಲೆ ಒಳಗೆ ಗಾಳಿ ಸೇರಿರುತ್ತದೆ. ಮೊದಲು ಫಿಲ್ಟರಿನ, ಅನಂತರ ಪಂಪಿನ ಸ್ಕ್ರೂ ಸಡಿಲಿಸಿ, ಗುಳ್ಳೆಯಿಲ್ಲದ ಡೀಸೆಲ್ ಬರುವವರೆಗೆ ಬಿಟ್ಟು ಬಿಗಿ ಮಾಡಿ.

ಗಾಳಿ ಮತ್ತು ಹೊಗೆಯ ದಾರಿ

ಏರ್ ಕ್ಲೀನರಿನ ಬಟ್ಟಲಿನ ಎಣ್ಣೆ ಕೆಸರಾಗಿದ್ದರೆ ತೆಗೆದು, ಬಟ್ಟಲು ತೊಳೆದು, ಗುರುತಿನವರೆಗೆ ಮಾತ್ರ ಹೊಸ ಎಣ್ಣೆ ಹಾಕಿ. ಒಕ್ಕಣೆಯ ಧೂಳಿನಲ್ಲಿ ದುಡಿದ ಎಂಜಿನ್ನಿಗೆ ಇದು ಮುಖ್ಯ. ಬಳಿಕ ಸೈಲೆನ್ಸರ್ ಬಿಚ್ಚಿ ಕೆಲವು ನಿಮಿಷ ಭಾರದ ಮೇಲೆ ಓಡಿಸಿ. ಕಸುವು ಹೆಚ್ಚಿದರೆ ದೋಷ ಸಿಕ್ಕಿತು. ಮಸಿ ಕೆರೆದು ತೆಗೆಯಿರಿ.

ವೈದ್ಯರು ನಾಡಿ ಹಿಡಿಯುವಂತೆ ನೀವು ಹೊಗೆಯ ಬಣ್ಣ ನೋಡಿ:

ಕಪ್ಪು ಹೊಗೆ: ಗಾಳಿ ಸಾಲದು, ಭಾರ ಹೆಚ್ಚಾಗಿದೆ, ಇಲ್ಲವೆ ನಾಜಲ್ ಡೀಸೆಲ್ಲನ್ನು ಸರಿಯಾಗಿ ಸಿಂಪಡಿಸುತ್ತಿಲ್ಲ.
ನೀಲಿ ಹೊಗೆ: ಕೀಲೆಣ್ಣೆ ಉರಿಯುತ್ತಿದೆ. ಮೊದಲು ಎಣ್ಣೆ ಗುರುತು ಮೀರಿದೆಯೇ ನೋಡಿ. ಇಲ್ಲದಿದ್ದರೆ ರಿಂಗು, ಲೈನರ್ ಅಥವಾ ವಾಲ್ವ್ ಗೈಡ್ ಸವೆದಿರಬಹುದು.
ಬಿಳಿ ಹೊಗೆ: ಎಂಜಿನ್ ಕಾದ ಮೇಲೂ ನಿಲ್ಲದಿದ್ದರೆ ಡೀಸೆಲ್ ಉರಿಯದೆ ಹೋಗುತ್ತಿದೆ, ಅಥವಾ ಒಳಗೆ ನೀರು ಸೋರುತ್ತಿದೆ.

ಕೊನೆಗೆ ಒತ್ತಡದ ಪರೀಕ್ಷೆ

ಎಂಜಿನ್ ನಿಲ್ಲಿಸಿ, ಡೀಸೆಲ್ ಹೋಗದಂತೆ ಮಾಡಿ, ಫ್ಲೈವೀಲನ್ನು ಕೈಯಿಂದ ನಿಧಾನವಾಗಿ ತಿರುಗಿಸಿ. ಒಂದು ಹಂತದಲ್ಲಿ ಅದು ಗಟ್ಟಿಯಾಗಿ ತಡೆದು ಹಿಂದಕ್ಕೆ ಪುಟಿಯಬೇಕು. ಸುಲಭವಾಗಿ ಹೊರಳಿದರೆ ಒತ್ತಡ ಸೋರುತ್ತಿದೆ. ಆಗ ಕಿವಿಗೊಟ್ಟು ಕೇಳಿ. ಗಾಳಿ ಒಳಬರುವ ಬಾಯಲ್ಲಿ 'ಸುಂಯ್' ಎಂದರೆ ಒಳವಾಲ್ವ್, ಸೈಲೆನ್ಸರ್ ಬಾಯಲ್ಲಾದರೆ ಹೊರವಾಲ್ವ್, ಎಣ್ಣೆ ತುಂಬುವ ಬಾಯಲ್ಲಾದರೆ ರಿಂಗು. ಈಗ ಮೆಕ್ಯಾನಿಕ್ಕನ್ನು ಕರೆಯುವ ಕಾಲ. ಕಂಡದ್ದನ್ನು ಅವರಿಗೆ ಹೇಳಿದರೆ ಬೇಡದ ಭಾಗ ಬದಲಿಸುವ ಖರ್ಚು ತಪ್ಪುತ್ತದೆ.

ಎಚ್ಚರಿಕೆ

ಕಸುವು ಬರಲೆಂದು ಗವರ್ನರ್ ಸ್ಪ್ರಿಂಗ್ ಬಿಗಿಯುವುದು, ಡೀಸೆಲ್ ಹೆಚ್ಚಿಸುವುದು ಬೇಡ. ಎಂಜಿನ್ ಕಾದು ಹಾಳಾಗುತ್ತದೆ. ನಾಜಲ್ ಸಿಂಪಡಿಸುವಾಗ ಕೈಯೊಡ್ಡಬೇಡಿ; ಆ ಧಾರೆ ಚರ್ಮವನ್ನು ತೂರಿ ಒಳಹೋಗಬಲ್ಲದು. ನೀರು ಆಳಕ್ಕೆ ಹೋಯಿತೆಂದು ಓಡುವ ಎಂಜಿನ್ನನ್ನು ಬಾವಿಯೊಳಗೆ ಎಂದಿಗೂ ಇಳಿಸಬೇಡಿ. ಹೊಗೆಯಲ್ಲಿರುವ ವಿಷಗಾಳಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಇಳಿದವರ ಜೊತೆ ಎತ್ತಲು ಹೋದವರ ಪ್ರಾಣವನ್ನೂ ಅದು ತೆಗೆಯುತ್ತದೆ.

ನೆನಪಿಡಿ

ನೀರು ಅಳೆಯಿರಿ, ಪಂಪು, ಬೆಲ್ಟು ನೋಡಿ, ಮುಚ್ಚಳ, ಫಿಲ್ಟರ್ ನೋಡಿ, ಏರ್ ಕ್ಲೀನರ್, ಸೈಲೆನ್ಸರ್ ನೋಡಿ, ಅನಂತರವೇ ಒತ್ತಡ. ಇವೆಲ್ಲವೂ ಒಂದು ಬೆಳಗಿನ ಕೆಲಸ. ಆ ಕೆಲಸವನ್ನು ಬಿತ್ತನೆಗೆ ಮುಂಚೆಯೇ ಮಾಡಿ ಮುಗಿಸಿ. ಆಗ ಪೈರು ನೀರು ಕೇಳಿದ ದಿನ ನಿಮ್ಮ ಎಂಜಿನ್ ಪೇಟೆಯಲ್ಲಿ ಇರುವುದಿಲ್ಲ, ನಿಮ್ಮ ಬಾವಿಯ ದಡದಲ್ಲಿ ಇರುತ್ತದೆ.