ಕಣ್ಣು ಕೊಟ್ಟ ಅಣ್ಣಾವ್ರು



ಹಿಂದಿನ ಪಾಠಗಳಲ್ಲಿ ಬಸ್ಸಿನ ಬೋರ್ಡು ಓದಿದೆವು. ರೇಷನ್ ಕಾರ್ಡು ಓದಿದೆವು. ಇವತ್ತು ಒಬ್ಬ ದೊಡ್ಡ ಮನುಷ್ಯರ ಕಥೆ ಓದೋಣ. ಅವರ ಹೆಸರು ಡಾ. ರಾಜ್‌ಕುಮಾರ್. ನಾವೆಲ್ಲ ಪ್ರೀತಿಯಿಂದ ಅಣ್ಣಾವ್ರು ಅಂತೀವಿ.

ಒಂದು ರಾತ್ರಿ ಕಲಿಕಾ ಕೇಂದ್ರದಲ್ಲಿ ಈ ಹೆಸರನ್ನು ಕರಿಹಲಗೆಯ ಮೇಲೆ ಬರೆದೆವು. ಹಿಂದೆ ಕೂತಿದ್ದ ಅಜ್ಜಿಯೊಬ್ಬರು ಅಕ್ಷರ ಕೂಡಿಸಿ ಓದಿದರು. ಓದಿ ನಕ್ಕರು. "ಅಲ್ಲ ಟೀಚರಮ್ಮ, ಅಷ್ಟು ಚೆಂದ ಮಾತಾಡೋರಲ್ಲ, ಅವರು ಎಷ್ಟನೇ ಕ್ಲಾಸು ಓದಿದ್ರು?" ಎಂದು ಕೇಳಿದರು.

ಒಳ್ಳೆಯ ಪ್ರಶ್ನೆ. ಅಲ್ಲಿಂದಲೇ ಶುರು ಮಾಡೋಣ.

ಮುತ್ತುರಾಜ

ರಾಜ್‌ಕುಮಾರ್ ಹುಟ್ಟಿದ್ದು 1929ರ ಏಪ್ರಿಲ್ 24ರಂದು. ಊರು ಗಾಜನೂರು. ಅದು ಚಾಮರಾಜನಗರದ ಗಡಿಗೆ ಹತ್ತಿರ, ಈಗ ತಮಿಳುನಾಡಿಗೆ ಸೇರಿದೆ. ಮನೆಯಲ್ಲಿ ಇಟ್ಟ ಹೆಸರು ಮುತ್ತುರಾಜ. ತಂದೆ ಪುಟ್ಟಸ್ವಾಮಯ್ಯ. ತಾಯಿ ಲಕ್ಷ್ಮಮ್ಮ. ತಂದೆ ನಾಟಕದಲ್ಲಿ ಪಾರ್ಟು ಮಾಡುತ್ತಿದ್ದರು. ಮನೆಯಲ್ಲಿ ಬಡತನ.

ಮುತ್ತುರಾಜ ಹೆಚ್ಚು ದಿನ ಶಾಲೆಗೆ ಹೋಗಲಿಲ್ಲ. ಪ್ರಾಥಮಿಕ ಶಾಲೆಯನ್ನೂ ಮುಗಿಸಲಿಲ್ಲ. ಅಪ್ಪನ ಜೊತೆ ನಾಟಕ ಕಂಪನಿ ಸೇರಿದ. ಗುಬ್ಬಿ ವೀರಣ್ಣನವರ ಕಂಪನಿ ಆಗ ನಾಡಿಗೆಲ್ಲ ಹೆಸರಾಗಿತ್ತು. ಆ ಕಂಪನಿಯೇ ಅವನಿಗೆ ಶಾಲೆಯಾಯಿತು. ಹಿರಿಯರು ಹೇಳಿದ ಮಾತನ್ನು ಕಿವಿಗೊಟ್ಟು ಕೇಳಿದ. ಬಾಯಿಪಾಠ ಮಾಡಿದ. ಹಾಡು ಕಲಿತ. ತಪ್ಪು ಮಾಡಿದ, ತಿದ್ದಿಕೊಂಡ.

ಹೀಗೆ ಕಲಿತವರೇ ಮುಂದೆ ಕನ್ನಡದ ಮಾತಿಗೆ ಮಾದರಿಯಾದರು. 1976ರಲ್ಲಿ ಮೈಸೂರು ವಿಶ್ವವಿದ್ಯಾಲಯ ಅವರಿಗೆ ಡಾಕ್ಟರ್ ಎಂಬ ಗೌರವ ಪದವಿ ಕೊಟ್ಟಿತು. ಶಾಲೆ ಬಿಟ್ಟವರು ಕಲಿಕೆ ಬಿಡಬೇಕಾಗಿಲ್ಲ. ಈ ಮಾತು ನಮಗೂ ಸೇರಿದ್ದು, ಅಲ್ಲವೇ?

ಬೇಡರ ಕಣ್ಣಪ್ಪ

1954ರಲ್ಲಿ ಒಂದು ಚಿತ್ರ ಬಂತು. ಹೆಸರು 'ಬೇಡರ ಕಣ್ಣಪ್ಪ'. ನಿರ್ದೇಶಕರು ಎಚ್.ಎಲ್.ಎನ್. ಸಿಂಹ. ಮುತ್ತುರಾಜ ಆ ಚಿತ್ರದ ನಾಯಕರಾದರು. ರಾಜ್‌ಕುಮಾರ್ ಎಂಬ ಹೆಸರೂ ಆಗಲೇ ಬಂತು. ನಾಯಕಿ ಪಂಡರಿಬಾಯಿ.

ಕಣ್ಣಪ್ಪನ ಕಥೆ ನಿಮಗೆ ಗೊತ್ತು. ಅವನು ಬೇಟೆಗಾರ. ಮಂತ್ರ ಬಾರದು, ಶಾಸ್ತ್ರ ಬಾರದು. ಶಿವನ ಕಣ್ಣಲ್ಲಿ ನೀರು ರಕ್ತ ಕಂಡ. ತಡೆಯಲಾರದೆ ತನ್ನ ಕಣ್ಣನ್ನೇ ಕಿತ್ತು ಕೊಟ್ಟ. ಈ ಕಥೆಯನ್ನು ನೆನಪಿಡಿ. ಕೊನೆಯಲ್ಲಿ ಮತ್ತೆ ಬರುತ್ತದೆ.

ಬೆಳೆದ ಬಗೆ

ಮುಂದೆ ಅವರು 200ಕ್ಕೂ ಹೆಚ್ಚು ಚಿತ್ರಗಳಲ್ಲಿ ನಟಿಸಿದರು. ರಾಜನಾದರು, ದಾಸನಾದರು, ರೈತನಾದರು. ಅವರ ನಾಯಕ ಸಾಮಾನ್ಯವಾಗಿ ಕುಡಿಯುವವನಲ್ಲ, ಬೀಡಿ ಸಿಗರೇಟು ಸೇದುವವನಲ್ಲ. ಹಿರಿಯರಿಗೆ ಎದುರು ಮಾತಾಡುವವನಲ್ಲ. ಅದಕ್ಕೇ ನಮ್ಮ ತಾಯಂದಿರು ಮಕ್ಕಳನ್ನು ಕರೆದುಕೊಂಡು ಟೆಂಟ್ ಸಿನಿಮಾಕ್ಕೆ ಧೈರ್ಯವಾಗಿ ಹೋಗುತ್ತಿದ್ದರು.

1972ರಲ್ಲಿ 'ಬಂಗಾರದ ಮನುಷ್ಯ' ಬಂತು. ಅದರಲ್ಲಿ ರಾಜೀವ ಎಂಬ ಯುವಕ ಬರಡು ನೆಲವನ್ನು ಹಸಿರು ಮಾಡುತ್ತಾನೆ. ಅದನ್ನು ನೋಡಿ ಪಟ್ಟಣ ಬಿಟ್ಟು ಊರಿಗೆ ಬಂದು ಬೇಸಾಯಕ್ಕೆ ಇಳಿದ ಯುವಕರ ಮಾತನ್ನು ಜನ ಇಂದಿಗೂ ಹೇಳುತ್ತಾರೆ. 1992ರಲ್ಲಿ 'ಜೀವನ ಚೈತ್ರ' ಬಂತು. ಅದರಲ್ಲಿ ಹೆಂಡ ಸಾರಾಯಿ ಊರನ್ನು ಹೇಗೆ ಹಾಳು ಮಾಡುತ್ತದೆ ಎಂದು ತೋರಿಸಿದರು. ಆ ಚಿತ್ರದಲ್ಲಿ ಹಾಡಿದ್ದಕ್ಕೆ ಅವರಿಗೆ ರಾಷ್ಟ್ರ ಪ್ರಶಸ್ತಿ ಬಂತು.

1982ರಲ್ಲಿ ಗೋಕಾಕ್ ಚಳವಳಿ ನಡೆಯಿತು. ಶಾಲೆಗಳಲ್ಲಿ ಕನ್ನಡಕ್ಕೆ ಮೊದಲ ಸ್ಥಾನ ಬೇಕು ಎಂಬುದು ಜನರ ಬೇಡಿಕೆ. ಅಣ್ಣಾವ್ರು ಊರೂರು ಸುತ್ತಿ ಮಾತಾಡಿದರು. ಅವರು ಬಂದ ಮೇಲೆ ಚಳವಳಿ ದೊಡ್ಡದಾಯಿತು.

ಮನೆಯ ಹಿಂದೆ ಒಬ್ಬ ಗಟ್ಟಿ ಹೆಣ್ಣುಮಗಳಿದ್ದರು. ಅವರ ಹೆಂಡತಿ ಪಾರ್ವತಮ್ಮ. 1975ರ 'ತ್ರಿಮೂರ್ತಿ' ಚಿತ್ರದಿಂದ ಅವರು ನಿರ್ಮಾಪಕಿಯಾದರು. ಕಥೆ ಆರಿಸುವುದು, ಹಣದ ಲೆಕ್ಕ ನೋಡುವುದು, ಹೊಸಬರಿಗೆ ಅವಕಾಶ ಕೊಡುವುದು, ಎಲ್ಲವನ್ನೂ ಮಾಡಿದರು. ಗಂಡಸರೇ ತುಂಬಿದ್ದ ಕ್ಷೇತ್ರದಲ್ಲಿ ಅವರ ಮಾತು ನಡೆಯಿತು.

ದುಃಖದ ದಿನ

2006ರ ಏಪ್ರಿಲ್ 12ರಂದು ಅಣ್ಣಾವ್ರು ತೀರಿಕೊಂಡರು. ನಾಡೇ ಅತ್ತಿತು. ಆದರೆ ಬೆಂಗಳೂರಿನಲ್ಲಿ ಕೆಲವರು ದುಃಖದ ಹೆಸರಿನಲ್ಲಿ ಕಲ್ಲು ತೂರಿದರು. ಬಸ್ಸಿಗೆ ಬೆಂಕಿ ಹಚ್ಚಿದರು. ಒಬ್ಬ ಪೊಲೀಸರೂ ಸೇರಿ ಹಲವರು ಸತ್ತರು. ಆ ಮನೆಗಳ ತಾಯಂದಿರು ಯಾರ ಮುಂದೆ ಅಳಬೇಕು? ಅಭಿಮಾನಿಗಳನ್ನು ದೇವರು ಎಂದವರು ಅಣ್ಣಾವ್ರು. ದೇವರು ಕಲ್ಲು ತೂರುವುದಿಲ್ಲ.

ಅದೇ ಹೊತ್ತಿನಲ್ಲಿ ಇನ್ನೊಂದು ಕೆಲಸ ಸದ್ದಿಲ್ಲದೆ ನಡೆಯಿತು. ಅಣ್ಣಾವ್ರ ಎರಡೂ ಕಣ್ಣುಗಳನ್ನು ಮನೆಯವರು ದಾನ ಮಾಡಿದರು. ಇಬ್ಬರಿಗೆ ಬೆಳಕು ಬಂತು.

ಇದು ಆ ದಿನ ಯೋಚಿಸಿದ ಮಾತಲ್ಲ. 1994ರಲ್ಲಿ ಬೆಂಗಳೂರಿನ ನಾರಾಯಣ ನೇತ್ರಾಲಯದಲ್ಲಿ ಅವರ ಹೆಸರಿನ ನೇತ್ರ ಬ್ಯಾಂಕ್ ಶುರುವಾಯಿತು. ಆಗಲೇ ಅವರು ಕಣ್ಣು ಕೊಡುವ ಮಾತು ಕೊಟ್ಟಿದ್ದರು. ನಾಯಕನಾದ ಮೊದಲ ಚಿತ್ರದ ಕಣ್ಣಪ್ಪ ಬಣ್ಣ ಹಚ್ಚಿಕೊಂಡು ಕಣ್ಣು ಕೊಟ್ಟ. 52 ವರ್ಷಗಳ ನಂತರ ಅದೇ ಮನುಷ್ಯ ನಿಜವಾಗಿಯೂ ಕಣ್ಣು ಕೊಟ್ಟರು.

2017ರಲ್ಲಿ ಪಾರ್ವತಮ್ಮ ತೀರಿಕೊಂಡಾಗ ಅವರ ಕಣ್ಣನ್ನೂ ದಾನ ಮಾಡಿದರು. 2021ರ ಅಕ್ಟೋಬರ್ 29ರಂದು ಕಿರಿಯ ಮಗ ಪುನೀತ್ ತೀರಿಕೊಂಡರು. ವಯಸ್ಸು ಬರೀ 46. ವೈದ್ಯರು ಅವರ ಕಣ್ಣಿನ ಮುಂಭಾಗವನ್ನು ಪದರ ಪದರವಾಗಿ ಬಿಡಿಸಿ ನಾಲ್ಕು ಜನಕ್ಕೆ ಹಾಕಿದರು. ನಾಲ್ವರಿಗೂ ದೃಷ್ಟಿ ಬಂತು. ಆಮೇಲೆ ಕರ್ನಾಟಕದಲ್ಲಿ ಸಾವಿರಾರು ಜನ ನಮ್ಮ ಕಣ್ಣೂ ಕೊಡುತ್ತೇವೆ ಎಂದು ಹೆಸರು ಬರೆಸಿದರು.

ನಾವೂ ಕೊಡಬಹುದೇ?

ಕೊಡಬಹುದು. ನಮ್ಮ ಕಣ್ಣಿನ ಮುಂದೆ ಗಡಿಯಾರದ ಗಾಜಿನ ಹಾಗೆ ಒಂದು ತಿಳಿಯಾದ ಪದರ ಇದೆ. ಕಡ್ಡಿ ಚುಚ್ಚಿದರೆ, ಸುಣ್ಣ ಬಿದ್ದರೆ, ಸೋಂಕು ತಗಲಿದರೆ ಅದು ಬೆಳ್ಳಗಾಗುತ್ತದೆ. ಆಗ ಬೆಳಕು ಒಳಗೆ ಹೋಗುವುದಿಲ್ಲ. ಹೀಗೆ ಕುರುಡಾದವರಿಗೆ ದಾನದ ಕಣ್ಣಿನಿಂದ ದೃಷ್ಟಿ ಬರಬಹುದು. ಎಲ್ಲ ಬಗೆಯ ಕುರುಡಿಗೂ ಅಲ್ಲ.

ಈ ಪಾಠ ಮಾಡುವಾಗ ಕೇಂದ್ರದಲ್ಲಿ ಒಬ್ಬಾಕೆ ಎದ್ದು ನಿಂತರು. "ಕಣ್ಣು ಕೊಟ್ರೆ ಮುಂದಿನ ಜನ್ಮದಲ್ಲಿ ಕುರುಡಾಗಿ ಹುಟ್ತಾರಂತಲ್ಲ?" ಎಂದರು. ನಾವು ಏನಾದರೂ ಹೇಳುವ ಮೊದಲೇ ಆ ಅಜ್ಜಿ ಹೇಳಿದರು: "ಕಣ್ಣಪ್ಪನಿಗೆ ಶಿವ ಕುರುಡು ಕೊಟ್ನೇನೆ? ಮೋಕ್ಷ ಕೊಟ್ಟ." ಎಲ್ಲರೂ ಸುಮ್ಮನಾದರು.

ಈ ವಿಷಯ ತಿಳಿದಿರಲಿ:

ಕಣ್ಣು ತೆಗೆಯುವುದು ಪ್ರಾಣ ಹೋದ ಮೇಲೆ ಮಾತ್ರ. ಆರು ಗಂಟೆಯ ಒಳಗೆ ಆಗಬೇಕು.

ಕನ್ನಡಕ ಹಾಕುವವರು, ಪೊರೆ ಆಪರೇಷನ್ ಆದವರು, ಸಕ್ಕರೆ ಕಾಯಿಲೆ, ಬಿ.ಪಿ. ಇರುವವರೂ ಕೊಡಬಹುದು. ಕೆಲವು ಅಂಟುರೋಗ ಇದ್ದವರ ಕಣ್ಣು ಆಗುವುದಿಲ್ಲ. ಅದನ್ನು ವೈದ್ಯರು ನೋಡಿ ಹೇಳುತ್ತಾರೆ.

ಅವರೇ ಮನೆಗೆ ಬರುತ್ತಾರೆ. ಅರ್ಧ ಗಂಟೆಯೊಳಗೆ ಕೆಲಸ ಮುಗಿಯುತ್ತದೆ. ಮುಖ ವಿಕಾರ ಆಗುವುದಿಲ್ಲ.

ದುಡ್ಡು ಕೊಡುವ ಹಾಗಿಲ್ಲ, ತೆಗೆದುಕೊಳ್ಳುವ ಹಾಗೂ ಇಲ್ಲ.

ಅವರು ಬರುವವರೆಗೆ ಸತ್ತವರ ರೆಪ್ಪೆ ಮುಚ್ಚಿರಿ. ರೆಪ್ಪೆಯ ಮೇಲೆ ಒದ್ದೆ ಹತ್ತಿ ಇಡಿ. ಫ್ಯಾನ್ ಆರಿಸಿ. ತಲೆಯ ಕೆಳಗೆ ದಿಂಬು ಇಡಿ.

ಒಂದು ಮುಖ್ಯ ಮಾತು. ಕಾರ್ಡಿನಲ್ಲಿ ಹೆಸರು ಬರೆಸಿದರೆ ಮಾತ್ರ ಸಾಲದು. ಆ ಹೊತ್ತಿನಲ್ಲಿ ಫೋನ್ ಮಾಡಬೇಕಾದವರು ಮನೆಯವರು. ಹೆಣದ ಪಕ್ಕ ಕೂತು ಅಳುವವರು ಹೆಚ್ಚಾಗಿ ನಾವೇ, ಹೆಂಗಸರು. ಅಳುವಿನ ನಡುವೆ ಗಟ್ಟಿ ಮನಸ್ಸು ಮಾಡಬೇಕಾದವರೂ ನಾವೇ. ಅದಕ್ಕೆ ಬದುಕಿರುವಾಗಲೇ ಮನೆಯಲ್ಲಿ ಮಾತಾಡಿಕೊಳ್ಳಬೇಕು.

ಅಕ್ಷರ ಬಾರದ ದಿನ ನಮಗೆ ಕಣ್ಣಿದ್ದೂ ಪುಸ್ತಕ ಕತ್ತಲಾಗಿತ್ತು. ಆ ಕತ್ತಲೆ ಹೇಗಿರುತ್ತದೆ ಎಂದು ನಮಗೆ ಗೊತ್ತು. ಇನ್ನೊಬ್ಬರ ಕತ್ತಲೆಯನ್ನು ನಾವಲ್ಲದೆ ಯಾರು ಅರಿತಾರು?

ಮಾತಾಡೋಣ

1. ಅಣ್ಣಾವ್ರು ಶಾಲೆ ಬಿಟ್ಟ ಮೇಲೆ ಹೇಗೆ ಕಲಿತರು? ನೀವು ಶಾಲೆ ಇಲ್ಲದೆ ಕಲಿತ ಕೆಲಸ ಯಾವುದು?

2. ಒಬ್ಬರ ಮೇಲಿನ ಅಭಿಮಾನವನ್ನು ಹೇಗೆ ತೋರಿಸಬೇಕು?

3. ಕಣ್ಣು ದಾನದ ಬಗ್ಗೆ ನಿಮ್ಮ ಮನೆಯಲ್ಲಿ ಯಾರು ಒಪ್ಪುತ್ತಾರೆ? ಯಾರು ಒಪ್ಪುವುದಿಲ್ಲ? ಏಕೆ?

ಬರೆಯೋಣ

ಬಿಡಿಸಿ ಓದಿ, ಬರೆಯಿರಿ: ಕಣ್ಣು, ರೆಪ್ಪೆ, ದೃಷ್ಟಿ, ಬೆಳಕು, ದಾನ.

ಹತ್ತಿರದ ನೇತ್ರ ಬ್ಯಾಂಕಿನ ಫೋನ್ ನಂಬರನ್ನು ಆಶಾ ಕಾರ್ಯಕರ್ತೆಯನ್ನೋ ತಾಲೂಕು ಆಸ್ಪತ್ರೆಯಲ್ಲೋ ಕೇಳಿ. ನಿಮ್ಮ ಕೈಯಾರೆ ದೊಡ್ಡದಾಗಿ ಬರೆಯಿರಿ. ಮನೆಯ ಗೋಡೆಗೆ ಅಂಟಿಸಿ. ಅದರ ಕೆಳಗೆ ನಿಮ್ಮ ಸಹಿ ಹಾಕಿ. ಹೆಬ್ಬೆಟ್ಟು ಬೇಡ.